ಒಂದೇ ಸೌಟು ನುಗ್ಗೆಸೊಪ್ಪು

"ನಿಜ ಹೇಳು ಪ್ರಭಾ, ಮಾತ್ರೆ ದಿನಾ ನುಂಗ್ತಿದೀಯಾ?"

ಡಾಕ್ಟರಮ್ಮ ರಿಪೋರ್ಟಿನಿಂದ ಕಣ್ಣೆತ್ತಿ ಕೇಳಿದರು.

"ನುಂಗ್ತಿದೀನಿ ಮೇಡಂ. ಒಂದಿನಾನೂ ತಪ್ಪಿಸಿಲ್ಲ."

"ಮತ್ತೆ ರಕ್ತ ಯಾಕೆ ತೆಳು ಆಗಿಲ್ಲ?"

ಅಪ್ಪ ವೆಂಕಟೇಶಪ್ಪ ಮಗಳನ್ನು ದುರುಗುಟ್ಟಿ ನೋಡಿದ. ಪ್ರಭಾಳಿಗೆ ಮೈಯೆಲ್ಲ ಉರಿದುಹೋಯಿತು. ಅವಳ ಹೊಟ್ಟೆಯಲ್ಲಿದ್ದ ಗಡ್ಡೆಯನ್ನು ಹೋದ ತಿಂಗಳು ಆಪರೇಷನ್ ಮಾಡಿ ತೆಗೆದಿದ್ದರು. ಆ ಗಡ್ಡೆಯ ದೆಸೆಯಿಂದ ಎಡಗಾಲಿನಲ್ಲಿ ರಕ್ತ ಹೆಪ್ಪುಗಟ್ಟಿ ಕಾಲು ಊದಿತ್ತು. ಹೆಪ್ಪು ಜಾರಿ ಎದೆಗೆ ಹೋದರೆ ಜೀವಕ್ಕೇ ಅಪಾಯ. ರಕ್ತ ತೆಳುವಾಗುವ ಮಾತ್ರೆ ಕೊಟ್ಟಿದ್ದು ಅದಕ್ಕೇ.

"ಗುರುವಾರ ಮತ್ತೆ ಬನ್ನಿ. ಆಗಲೂ ಹಿಂಗೇ ಇದ್ರೆ ಅಡ್ಮಿಟ್ ಮಾಡ್ಕೋಬೇಕಾಗತ್ತೆ," ಎಂದರು ಡಾಕ್ಟರಮ್ಮ.

ತಮ್ಮೂರು ಹೂಡಿಗೆ ಹೋಗುವ ಬಸ್ಸಿನಲ್ಲಿ ಅಪ್ಪ ಮೆಲ್ಲಗೆ, "ಮಾತ್ರೆ ಎಸೀತಿದ್ರೆ ಹೇಳ್ಬಿಡವ್ವಾ, ಬೈಯಲ್ಲ," ಎಂದ.

ಪ್ರಭಾ ಕಿಟಕಿಯ ಕಡೆ ತಿರುಗಿಕೊಂಡಳು. ಮಾಡದ ತಪ್ಪನ್ನು ಒಪ್ಪಿಕೊಳ್ಳುವ ಪೈಕಿಯವಳೇ ಅವಳಲ್ಲ.

ಮನೆಗೆ ಬಂದವಳೇ ಹೋದ ವರ್ಷದ, ೧೯೮೩ರ ಕ್ಯಾಲೆಂಡರಿನಿಂದ ಒಂದು ಹಾಳೆ ಹರಿದಳು. ಮಾತ್ರೆ ಮಾತ್ರ ಬರೆದರೆ ಯಾರು ನಂಬುತ್ತಾರೆ? ಬಾಯಿಗೆ ಹೋದದ್ದನ್ನೆಲ್ಲ ಬರೆಯುವುದೆಂದು ಹಟ ಹಿಡಿದಳು. ಡಬ್ಬಿಯಿಂದ ಕದ್ದ ಬೆಲ್ಲದ ಚೂರನ್ನೂ ಬಿಡಲಿಲ್ಲ.

"ಏನೇ ಗೀಚ್ತಿದ್ದೀಯ?" ಎನ್ನುತ್ತಾ ಅಜ್ಜಿ ಚಿಕ್ಕಮುನಿಯಮ್ಮ ತಟ್ಟೆ ಇಟ್ಟಳು. ಮುದ್ದೆ, ಬಸ್ಸಾರು, ಪಕ್ಕದಲ್ಲಿ ರಾಶಿ ನುಗ್ಗೆಸೊಪ್ಪಿನ ಪಲ್ಯ. "ತಿನ್ನು. ಆಪರೇಸನ್ ಮಾಡಿ ರಕ್ತಾನೆಲ್ಲ ಬಸಿದವ್ರೆ. ಸೊಪ್ಪು ತಿಂದ್ರೆ ತಾನೇ ರಕ್ತ ಆಗೋದು?"

ಇನ್ನೊಂದು ಸೌಟು ಬಿತ್ತು. ಪ್ರಭಾ ಅದನ್ನೂ ಬರೆದಳು.

ಗುರುವಾರವೂ ರಕ್ತ ತೆಳುವಾಗಿರಲಿಲ್ಲ. ಪ್ರಭಾ ಹಾಳೆಯನ್ನು ಮೇಜಿನ ಮೇಲಿಟ್ಟಳು. ಡಾಕ್ಟರಮ್ಮ ಓದತೊಡಗಿದರು. "ನುಗ್ಗೆಸೊಪ್ಪು ಮೂರು ಸೌಟು. ದಂಟಿನಸೊಪ್ಪು. ಕದ್ದ ಬೆಲ್ಲ. ಮತ್ತೆ ನುಗ್ಗೆಸೊಪ್ಪು..." ಅವರ ಹುಬ್ಬು ಮೇಲೇರಿತು.

"ಸೊಪ್ಪು ಒಳ್ಳೇದೇ ಪುಟ್ಟಾ. ಆದ್ರೆ ರಕ್ತ ತೆಳು ಮಾಡೋಕೆ ಮಾತ್ರೆ ಒಂದು ಕಡೆ ಹಗ್ಗ ಎಳೆದ್ರೆ, ಹೆಪ್ಪುಗಟ್ಟಿಸೋಕೆ ಸೊಪ್ಪು ಇನ್ನೊಂದು ಕಡೆ ಎಳೆಯತ್ತೆ. ಇದನ್ನ ನಾನೇ ಮೊದಲು ಹೇಳಬೇಕಿತ್ತು. ನಿನ್ನ ಮೇಲೆ ಅನುಮಾನಪಟ್ಟೆ, ತಪ್ಪಾಯ್ತು."

"ಹಂಗಾದ್ರೆ ಸೊಪ್ಪು ಬಿಟ್ಬಿಡ್ಲಾ?"

"ಪೂರ್ತಿ ಬಿಡಬೇಡ. ದಿನಾ ಒಂದೇ ಸೌಟು. ಜಾಸ್ತೀನೂ ಬೇಡ, ಕಮ್ಮೀನೂ ಬೇಡ. ಅದಕ್ಕೆ ತಕ್ಕ ಹಾಗೆ ಮಾತ್ರೆ ಎಷ್ಟು ಅಂತ ನಾನು ನೋಡ್ಕೋತೀನಿ."

ಎರಡು ದಿನಕ್ಕೊಮ್ಮೆ ಬಂದು ಪರೀಕ್ಷೆಗೆ ರಕ್ತ ಕೊಡುತ್ತೇನೆಂದು ಪ್ರಭಾ ಮಾತು ಕೊಟ್ಟ ಮೇಲೆ ಅಡ್ಮಿಷನ್ ತಪ್ಪಿತು.

ವಿಷಯ ತಿಳಿದ ಅಜ್ಜಿ ಒಲೆಯ ಮುಂದೆ ಕುಸಿದು ಕೂತಳು. "ನನ್ ಕೈಯಾರೆ ಮಗೀಗೆ ಕೇಡು ಮಾಡಿದ್ನಾ?"

ಪ್ರಭಾ ಕುಂಟುತ್ತಾ ಹೋಗಿ ಸೌಟನ್ನು ಅಜ್ಜಿಯ ಕೈಗಿತ್ತಳು. "ಬಿಡಬಾರ್ದಂತೆ ಅಜ್ಜಿ, ಅಳತೆ ಬೇಕಂತೆ. ಬೇರೆಯವ್ರು ಬಡಿಸಿದ್ರೆ ಅಳತೆ ತಪ್ತದೆ. ನೀನೇ ಬಡಿಸ್ಬೇಕು."

ಎರಡು ವಾರ ಕಳೆಯಿತು. ಚುಚ್ಚಿಸಿಕೊಂಡು ಚುಚ್ಚಿಸಿಕೊಂಡು ಪ್ರಭಾಳ ತೋಳು ನೀಲಿಯಾಗಿತ್ತು. ಕೊನೆಗೊಂದು ದಿನ ರಿಪೋರ್ಟ್ ನೋಡಿ ಡಾಕ್ಟರಮ್ಮ ನಕ್ಕರು.

"ಸರಿಯಾಗೈತಂತೆ ಅಜ್ಜಿ," ಎಂದು ಮನೆ ಬಾಗಿಲಲ್ಲೇ ಹೇಳಿದಳು ಪ್ರಭಾ.

ಅಜ್ಜಿಗೆ ಹಿಗ್ಗೋ ಹಿಗ್ಗು. ಬಿಸಿ ಮುದ್ದೆ ಇಟ್ಟು ಒಂದು ಸೌಟು ಪಲ್ಯ ಬಡಿಸಿದಳು. ಆ ಸಂತೋಷದಲ್ಲೇ ಇನ್ನೊಂದು ಸೌಟು ತುಂಬಿ ಎತ್ತಿದಳು. ಕೈ ಅಲ್ಲೇ ನಿಂತಿತು. ಮೊಮ್ಮಗಳ ಸೊರಗಿದ ಮುಖವನ್ನು ಒಂದು ಗಳಿಗೆ ನೋಡಿ, ಪಲ್ಯವನ್ನು ಪಾತ್ರೆಗೇ ಸುರಿದು, ಸೆರಗಿನಿಂದ ಕಣ್ಣೊರೆಸಿಕೊಂಡಳು.

ಪ್ರಭಾ ಒಂದೆಲೆಯನ್ನೂ ಬಿಡದೆ ತಿಂದಳು. ಆಮೇಲೆ ಹಾಳೆ ತೆಗೆದು ಬರೆದಳು:

"ಮಾತ್ರೆ ನುಂಗಿದೆ. ನುಗ್ಗೆಸೊಪ್ಪು ಒಂದು ಸೌಟು. ಎರಡನೇ ಸೌಟನ್ನು ಅಜ್ಜಿ ವಾಪಸ್ ಹಾಕಿದಳು. ಅವಳಿಗೆ ಅದು ಬಹಳ ಕಷ್ಟವಾಯಿತು."