ನೀಲಿ ಮೀನಿನ ಸಾಸರ್

"ತಿರುಗಬೇಡ! ಕಪ್ ಮೇಜಿನ ಮೇಲಿಡು!"

ಕತ್ತಿಗೆ ತಣ್ಣಗೆ ಪಿಸ್ತೂಲು ತಾಗಿತು. ಇಟ್ಟೆ. ನಾನು ಪತ್ತೇದಾರ ನಿಜ, ಆದರೆ ಇರುವುದು ಒಂದೇ ತಲೆ ನೋಡಿ!

ಕಪ್ ನನ್ನ ಸೋದರತ್ತೆಯದು. ತೀರಿಕೊಂಡ ಮಾವನ ನೆನಪಿಗೆ ಉಳಿದದ್ದು ಆ ಪಿಂಗಾಣಿ ಕಪ್-ಸಾಸರ್ ಜೋಡಿಯೊಂದೇ. ಅದರ ಮೇಲೆ ಯಾರದೋ ಕಣ್ಣು ಬಿದ್ದಿದೆಯೆಂದು ನನ್ನನ್ನು ಕಾವಲಿಗೆ ಕರೆಸಿದ್ದರು. ಚೆನ್ನಾಗಿಯೇ ಕಾದೆ!

"ಸಾಸರ್ ಎಲ್ಲಿ?"

ನನ್ನ ಕೋಟಿನ ಒಳಜೇಬಿನಲ್ಲಿ.

"ಒಡೆದುಹೋಯ್ತು," ಅಂದೆ.

ಹಿಂದಿನಿಂದ ಒಂದು ನರಳಾಟ... ಹೆತ್ತವರು ಸತ್ತ ಹಾಗೆ! ಆಮೇಲೆ ಓಡುವ ಸದ್ದು. ಮೇಜಿನ ಮೇಲಿದ್ದ ಕಪ್ ಮಾಯ!

ಬೆನ್ನಟ್ಟಿದೆ. ಮೆಟ್ಟಿಲು... ಗಲ್ಲಿ... ಮೂಲೆಯ ಟೀ ಅಂಗಡಿ. ಅದರ ಬಾಗಿಲು ಬಡಿದುಕೊಂಡದ್ದಷ್ಟೇ ಕಂಡಿತು.

ಒಳಗೆ ಮೂವರು ಗಿರಾಕಿಗಳು. ಮೂವರ ಕಾಲ ಬಳಿಯೂ ಬ್ಯಾಗು. ಮೂವರದೂ ಹಸುವಿನಂಥ ಮುಖ! ಕಳ್ಳನ ಮುಖ ನಾನು ನೋಡಿರಲಿಲ್ಲ. ದನಿಯನ್ನೂ ಮೂಗಿನಲ್ಲಿ ಎಳೆದಿದ್ದ, ಖದೀಮ. ತಪ್ಪು ಬ್ಯಾಗಿಗೆ ಕೈ ಹಾಕಿದರೆ ಬೆನ್ನಿಗೆ ಗುಂಡು.

ಸಾಸರ್ ತೆಗೆದು ಅಂಗಡಿಯವರ ಕೈಗಿಟ್ಟೆ.

"ಇದ್ರಲ್ಲಿ ಬಿಸ್ಕತ್ತಿಟ್ಟು ಎಲ್ರಿಗೂ ಹಿಡೀರಿ. ನನ್ನ ಲೆಕ್ಕಕ್ಕೆ."

"ಏನ್ ಸಾರ್ ವಿಶೇಷ?"

"ಹುಡುಗಿ ಒಪ್ಕೊಂಡ್ಳು!"

ಮೊದಲನೆಯವನು "ಕಂಗ್ರಾಟ್ಸ್" ಅಂದು ಎರಡು ಎತ್ತಿಕೊಂಡ. ಎರಡನೆಯವನು "ಶುಗರ್ ಇದೆ" ಅನ್ನುತ್ತಲೇ ಬಾಯಿಗೆ ಹಾಕಿಕೊಂಡ.

ಮೂರನೆಯವನು ಸಣಕಲ. ಬಿಸ್ಕತ್ತಿನ ಕಡೆ ನೋಡಲೇ ಇಲ್ಲ. ಸಾಸರನ್ನು ಎರಡೂ ಕೈಯಲ್ಲಿ ತೆಗೆದುಕೊಂಡ...

ತಲೆಕೆಳಗು ಮಾಡಿದ!

ಬಿಸ್ಕತ್ತೆಲ್ಲ ನೆಲದ ಪಾಲು. ಪಿಂಗಾಣಿ ಹುಚ್ಚರ ಚಾಳಿಯೇ ಅದು. ಊಟ ಬಡಿಸಿದ ತಟ್ಟೆಯಾದರೂ ಸರಿ, ಮೊದಲು ಬೆನ್ನು ನೋಡಬೇಕು. ಮಾಡಿದವರ ಗುರುತು ಇರುವುದು ಅಲ್ಲೇ ತಾನೇ? ಇಲ್ಲಿ ಅದು ಒಂದು ನೀಲಿ ಮೀನು. ಅದರ ಮೇಲೆ ಉಗುರು ಆಡಿಸಿದ.

"ಹೊಳಪಿನ ಪದರದ ಕೆಳಗಿದೆ... ಉಗುರಿಗೆ ಸಿಗ್ತಿಲ್ಲ... ನಕಲಿಯಾಗಿದ್ರೆ ಮೇಲೇ ಬರೆದಿರ್ತಿದ್ರು..."

"ಅಸಲೀನೇ ಕಣಯ್ಯಾ," ಎಂದು ಸಾಸರಿನ ಇನ್ನೊಂದು ಅಂಚು ಹಿಡಿದೆ.

ಅವನ ಒಂದು ಕೈ ಸೊಂಟದತ್ತ ಹೊರಟಿತು. ಪಿಸ್ತೂಲು!

"ನೀನು ಅದನ್ನ ತೆಗಿ, ನಾನು ಇದನ್ನ ಎಳೀತೀನಿ. ಕೆಳಗೆ ಸಿಮೆಂಟ್ ನೆಲ."

ಸಣಕಲನ ಕೈ ಅರ್ಧದಲ್ಲೇ ನಿಂತಿತು.

"ಬೇಡ! ಅಂಚು ಮುಕ್ಕಾಗತ್ತೆ!"

ಕೈ ವಾಪಸ್ ಬಂದು ಸಾಸರನ್ನೇ ಅಪ್ಪಿಕೊಂಡಿತು. ಪಿಸ್ತೂಲನ್ನು ನಾನೇ ಆರಾಮವಾಗಿ ಎಳೆದುಕೊಂಡೆ. ಬ್ಯಾಗಿನಲ್ಲಿ ಅತ್ತೆಯ ಕಪ್, ಉಣ್ಣೆಯ ಮಫ್ಲರ್ ಸುತ್ತಿಕೊಂಡು, ಎಳೆಮಗುವಿನ ಹಾಗೆ ಮಲಗಿತ್ತು. ನನಗೆ ನಿಜಕ್ಕೂ ಖುಷಿಯಾಯಿತು ಕಣ್ರೀ!

ಪೊಲೀಸ್ ಜೀಪು ಹತ್ತುವಾಗ ಸಣಕಲ ಗೋಗರೆದ.

"ಸಾರ್... ಆ ಗುರುತು ಇನ್ನೊಂದೇ ಒಂದ್ಸಲ..."

"ಜೈಲಿನ ತಟ್ಟೆಗೂ ಬೆನ್ನ ಮೇಲೆ ಸೀಲ್ ಇರತ್ತೆ. ಮೂರು ಹೊತ್ತೂ ತಿರುಗಿಸಿ ನೋಡ್ಕೋ... ಅದರ ನಕಲಿ ಯಾರೂ ಮಾಡಲ್ಲ!"