ಒಂಬತ್ತನೆಯ ಲೂಯಿ ಕಾಣೆಯಾದದ್ದು

2023ರ ಮಾರ್ಚ್ 6, ಸೋಮವಾರ ಬೆಳಿಗ್ಗೆ ಅಮೆರಿಕದ ಕೊಲಂಬಿಯಾ ಊರಿನ ಠಾಣೆಗೆ ದೂರು ಬಂತು. ಮಧ್ಯಯುಗದ ಫ್ರಾನ್ಸನ್ನಾಳಿದ ಕಪೇ ರಾಜವಂಶದ ನಾಣ್ಯಗಳ ಪೆಟ್ಟಿಗೆಯಿಂದ ಒಂಬತ್ತನೆಯ ಲೂಯಿಯ ಬೆಳ್ಳಿ ನಾಣ್ಯ ಶುಕ್ರವಾರ ಕಳುವಾಗಿದೆ ಎಂದು ನಾಣ್ಯಸಂಗ್ರಾಹಕರ ಕ್ಲಬ್ಬಿನ ಕಾರ್ಯದರ್ಶಿ ಹ್ಯಾಡ್ಲಿ ತಿಳಿಸಿದ್ದರು. ಡಿಟೆಕ್ಟಿವ್ ಶೈಲಜಾ ಎಫ್‌ಐಆರ್‌ನಂಥದೊಂದು ವರದಿ ದಾಖಲಿಸಿ ಕ್ಲಬ್ಬಿಗೆ ಹೋದಳು.

ಬೀಗ ಮುರಿದಿರಲಿಲ್ಲ. ವಂಶವೃಕ್ಷದಂತೆ ಜೋಡಿಸಿದ್ದ ನಾಣ್ಯಗಳ ನಟ್ಟನಡುವೆ ಒಂದು ಜಾಗ ಖಾಲಿಯಿತ್ತು.

“ಇದಕ್ಕಿಂತ ಬೆಲೆಬಾಳುವವು ಇಲ್ಲೇ ಇವೆಯಲ್ಲ. ಇದೇ ಯಾಕೆ?”

“ಮುಂದೆ ಫ್ರಾನ್ಸನ್ನಾಳಿದ ವಾಲ್ವಾ, ಬೂರ್ಬನ್ ಎರಡೂ ಶಾಖೆಗಳು ಲೂಯಿಯ ಸಂತತಿ. ಅವನಿಲ್ಲದ ಸೆಟ್ಟನ್ನು ಯಾರೂ ಕೊಳ್ಳುವುದಿಲ್ಲ,” ಎಂದರು ಹ್ಯಾಡ್ಲಿ. “ಈ ವಾರ ಇದನ್ನು ಮಾರಿ ಕ್ಲಬ್ ಮುಚ್ಚುವವರಿದ್ದೆವು. ಈಗ ಎಲ್ಲರೂ ದಿನಾ ಸೇರಿ ಹುಡುಕುತ್ತಿದ್ದೇವೆ.”

ಆಮೇಲೆ ಪಕ್ಕದ ನಾಣ್ಯ ತೋರಿಸಿದರು. ಲೂಯಿಯ ಮಗ ಫಿಲಿಪ್‌ನದು. ಹೊಸದರಂತೆ ಹೊಳೆಯುತ್ತಿತ್ತು.

“ಏಳು ಶತಮಾನದ ಕಪ್ಪನ್ನು ಕಳ್ಳ ಉಜ್ಜಿ ತೆಗೆದಿದ್ದಾನೆ. ಉಜ್ಜಿದ ಹಳೆಯ ನಾಣ್ಯಕ್ಕೆ ಬೆಲೆಯೇ ಇಲ್ಲ. ಕಳ್ಳತನವನ್ನಾದರೂ ಕ್ಷಮಿಸಬಹುದು, ಇದನ್ನಲ್ಲ.”

ಶೈಲಜಾ ಭೂತಗನ್ನಡಿ ಹಿಡಿದಳು. ಅಕ್ಷರಗಳ ಸಂದಿಯಲ್ಲಿ ಬಿಳಿ ಬೂದಿ. ಹಬ್ಬದ ಮುನ್ನಾದಿನ ಅಜ್ಜಿ ಬೆಳ್ಳಿ ದೀಪಗಳನ್ನು ವಿಭೂತಿ ಹಚ್ಚಿ ಉಜ್ಜುತ್ತಿದ್ದುದು ನೆನಪಾಯಿತು.

“ಬೀಗದ ಕೈ ಯಾರ ಹತ್ತಿರ ಇರುತ್ತೆ?”

“ನನ್ನ ಹತ್ತಿರ. ಇನ್ನೊಂದು ನಮ್ಮ ಸದಸ್ಯ ಶಿವಶರಣಪ್ಪನ ಹತ್ತಿರ.”

ಕಲಬುರಗಿಯ ಶಿವಶರಣಪ್ಪ ಆಸ್ಪತ್ರೆಯ ಯಂತ್ರಗಳನ್ನು ನೋಡಿಕೊಳ್ಳುವ ಎಂಜಿನಿಯರ್. ಟೌನ್‌ಹೌಸಿನಲ್ಲಿ ಒಬ್ಬರೇ ಇದ್ದರು. ಹಣೆಯ ಮೇಲೆ ವಿಭೂತಿ.

“ಚಾ ಕುಡೀತೀರೇನ್ರೀ? ಪೊಲೀಸರಿಗೆ ಕೊಟ್ರ ಲಂಚ ಆಗ್ತದೋ ಏನೋ.”

“ಬೇಡ ಸರ್. ನೀವು ಉತ್ತರ ಕೊಡಲೇಬೇಕು ಅಂತೇನಿಲ್ಲ. ಫಿಲಿಪ್‌ನ ಯಾಕೆ ಉಜ್ಜಿದ್ರಿ?”

ಅವರು ಹಣೆಯ ವಿಭೂತಿ ಮುಟ್ಟಿ ನೋಡಿಕೊಂಡರು.

“ಭಾಳ ಕರ್ರಗಾಗಿತ್ರೀ. ನೋಡಾಕ ಆಗಲಿಲ್ಲ.”

“ಲೂಯಿ ಎಲ್ಲಿ?”

ಒಳಗೆ ಹೋಗಿ ದೇವರ ಜಗಲಿಯಿಂದ ತಂದುಕೊಟ್ಟರು. ಅದೂ ಫಳಫಳ ಹೊಳೆಯುತ್ತಿತ್ತು.

“ಮಾರೋಕೆ ತಗೊಂಡ್ರಾ?”

“ಛೇ. ಆಸ್ಪತ್ರ್ಯಾಗ ಮಷೀನ್ ಕೆಟ್ರ ಅಷ್ಟ ನನ್ನ ಮಾತಾಡಸ್ತಾರ. ಪ್ರತಿ ಶನಿವಾರ ಕ್ಲಬ್ಬಿನ್ಯಾಗ ವಾಲ್ವಾ ದೊಡ್ಡದೋ ಬೂರ್ಬನ್ ದೊಡ್ಡದೋ ಅಂತ ಜಗಳ ಆಡ್ತಿದ್ವಿ. ಹ್ಯಾಡ್ಲಿ ನನಗ ಮೂರ್ಖ ಅಂತಿದ್ದ. ಸೆಟ್ ಹೋದ್ರ ಅದೂ ಹೋಗ್ತಿತ್ರೀ. ಈಗ ನೋಡ್ರಿ, ದಿನಾ ಸೇರ್ತೀವಿ. ನಾನೂ ಹುಡುಕ್ತೀನಿ.”

ಫೋಟೊ ತೆಗೆದು, ನಾಣ್ಯವನ್ನು ಚೀಲಕ್ಕೆ ಹಾಕಿ ಮೊಹರು ಮಾಡಿ, ಪಂಚನಾಮೆಯ ಬದಲಿಗೆ ಇಲ್ಲಿ ಮಾಡಬೇಕಾದದ್ದೆಲ್ಲ ಮುಗಿಸಿ, ಮಧ್ಯಾಹ್ನ ಅವರನ್ನು ಬಂಧಿಸಿದಳು. ಕಾರಿನ ಹಿಂದಿನ ಸೀಟಿನಿಂದ ಅವರು ಕೇಳಿದರು:

“ಮ್ಯಾಡಮ್, ಸಾಕ್ಷಿ ಹೇಳಾಕ ಕೋರ್ಟಿಗೆ ಅವರೆಲ್ಲಾ ಬರ್ತಾರಲ್ರೀ?”

“ಕರೆದರೆ ಬರಲೇಬೇಕು ಸರ್.”

“ಹಂಗಾದ್ರ ಸರಿ,” ಎಂದು ಅವರು ಸೀಟಿಗೆ ಒರಗಿದರು.