ಗುಂಡಿಯಲ್ಲಿ ಯಾರೂ ಇಲ್ಲ

ಎರಡನೇ ಗುಂಡು ನನ್ನ ಕಿವಿಯಿಂದ ಗೇಣು ದೂರದಲ್ಲಿ ಹಲಗೆ ಸೀಳಿಕೊಂಡು ಬಂತು.

ಮೊದಲನೆಯದನ್ನು ನಾನು ನಂಬಿರಲಿಲ್ಲ. ಎರಡನೆಯದನ್ನು ನಂಬಲೇಬೇಕಾಯಿತು!

ಕವುಚಿ ಬಿದ್ದೆ. ಗದ್ದ ನೆಲಕ್ಕೆ ಬಡಿಯಿತು. ಬಾಯಿ ತುಂಬ ಮರಳು, ನಾಲಿಗೆಯ ಮೇಲೆ ರಕ್ತದ ರುಚಿ.

ಐವತ್ತು ಮೀಟರ್ ಆಚೆ ಹತ್ತು ಬಂದೂಕುಗಳಿದ್ದವು. ಹತ್ತರ ಹಿಂದೆಯೂ ಭಾನುವಾರ ಕಳೆಯಲು ಬೆಂಗಳೂರಿನಿಂದ ಬಂದ ಯಾವುದೋ ಕಂಪನಿಯ ಜನ. ಎಲ್ಲರ ಕಿವಿಯ ಮೇಲೂ ಸದ್ದು ತಡೆಯುವ ದಪ್ಪ ಮುಚ್ಚಳ. ನಾನು ಗಂಟಲು ಹರಿಯುವಂತೆ ಕಿರುಚಿದರೂ ಅವರಿಗೆ ಕೇಳುವುದಿಲ್ಲ.

ಗುಂಡಿಯಲ್ಲಿ ಯಾರೂ ಇಲ್ಲ ಅಂತ ಅವರಿಗೆ ಹೇಳಲಾಗಿತ್ತು.

ನಾನಿದ್ದೆ.

ಹೇಗೆ ಬಂದೆ ಅಂತೀರಾ? ಕೇಳಿ...

ನನ್ನ ಹೆಸರು ಆಶಾರಾಣಿ. ಹದಿನಾಲ್ಕು ವರ್ಷ ಪೊಲೀಸ್ ಕೆಲಸ ಮಾಡಿದವಳು. ಅದರಲ್ಲಿ ಒಂಬತ್ತು ವರ್ಷ ಬಂದೂಕುಗಳ ಉಸ್ತುವಾರಿ. ಯೂನಿಫಾರ್ಮ್ ಕಳಚಿದ ಮೇಲೆ ಬಂಗಾರಪೇಟೆಯಲ್ಲಿ, ಸ್ಟೇಷನ್ ಹತ್ತಿರದ ಒಂದು ಟೈಲರ್ ಅಂಗಡಿಯ ಮಹಡಿ ಹಿಡಿದು ಕೂತಿದ್ದೇನೆ. ಓಡಿಹೋದವರನ್ನು ಹುಡುಕುತ್ತೇನೆ. ಸುಳ್ಳು ಹೇಳಿದವರನ್ನು ಹಿಡಿಯುತ್ತೇನೆ. ಬೋರ್ಡು ಇಲ್ಲ. ಜನ ವಿಚಾರಿಸಿಕೊಂಡು ಬರುತ್ತಾರೆ.

ಮುನಿಲಕ್ಷ್ಮಿ ಬಂದದ್ದು ಗುರುವಾರ. ಕಾಮಸಮುದ್ರದ ಕಡೆಯ ಹಳ್ಳಿಯವಳು. ಇನ್ನೂ ಮೂವತ್ತು ತುಂಬಿರಲಿಲ್ಲ. ಕೈಯಲ್ಲಿ ನಾಲ್ಕು ಮಡಿಕೆಯ ಒಂದು ಟೈಪು ಮಾಡಿದ ಹಾಳೆ.

ಅವಳ ಗಂಡ ವೇಣು ಊರಿಗಾಂ ಆಚೆ, ಹಳೇ ಚಿನ್ನದ ಗಣಿಯ ಸೈನೈಡ್ ಮರಳಿನ ದಿಣ್ಣೆಯ ಪಕ್ಕದಲ್ಲಿ ಶುರುವಾಗಿರುವ ಬಿಳಿದಿಣ್ಣೆ ಶೂಟಿಂಗ್ ರೇಂಜಿನಲ್ಲಿ ಕೆಲಸಕ್ಕಿದ್ದ. ಗುರಿಹಲಗೆಗಳ ಕೆಳಗೆ ಗುಂಡಿಯಲ್ಲಿ ಕೂರುವುದು. ಗುಂಡು ಬಿದ್ದ ಹಾಳೆಯನ್ನು ಹಗ್ಗದಿಂದ ಇಳಿಸಿ, ಹೊಸ ಹಾಳೆ ಹಾಕಿ ಏರಿಸುವುದು. ಅಷ್ಟೇ ಕೆಲಸ. ಮೂರು ವಾರದ ಹಿಂದೆ ಗುಂಡು ಅವನ ಬಲಭುಜ ಹೊಕ್ಕು ನರ ಕತ್ತರಿಸಿತ್ತು.

ರೇಂಜ್ ಆಫೀಸರ್ ವಿಜಯಕುಮಾರ್ ಪೊಲೀಸರಿಗೆ ದೂರು ಕೊಟ್ಟಿದ್ದ. ಏನಂತ? ವೇಣು ಕುಡಿದು ಬಂದಿದ್ದ, ಗುಂಡು ಹಾರುವಾಗ ಎದ್ದು ನಿಂತ, ತಪ್ಪೆಲ್ಲ ಅವನದೇ. ಆಸ್ಪತ್ರೆಯ ಮಂಚದ ಮೇಲಿದ್ದವನ ಮೇಲೆಯೇ ಕೇಸು!

ಮುನಿಲಕ್ಷ್ಮಿಯ ಕೈಯಲ್ಲಿದ್ದ ಹಾಳೆಯೂ ಅದನ್ನೇ ಹೇಳುತ್ತಿತ್ತು. ನನ್ನ ಗಂಡ ಕುಡುಕ ಅಂತ ಅವಳು ಸಹಿ ಹಾಕಬೇಕು. ಹಾಕಿದರೆ ಅವಳಿಗೆ ಕೆಲಸ.

ಯಾವ ಕೆಲಸ?

ಅದೇ ಗುಂಡಿಯಲ್ಲಿ, ಅದೇ ಜಾಗದಲ್ಲಿ. ಸೋಮವಾರದಿಂದ.

"ಅಕ್ಕ, ನಮ್ಮನೆಯೋರು ಕುಡಿಯಲ್ಲ," ಅಂದಳು. "ಎದ್ದು ನಿಂತೂ ಇರಲಿಲ್ವಂತೆ. ಕುಂತಿದ್ದೋರಿಗೇ ಬಿತ್ತು ಅಂತಾರೆ. ಆ ಗೋಡೆ ಸರಿಗಿಲ್ಲ ಅಂತ ಆಪೀಸರ್‌ಗೆ ಮೂರು ಸಲ ಏಳಿದ್ರಂತೆ. ನಾನು ರುಜು ಆಕ್ಲಾ, ಬೇಡ್ವಾ?"

ಭಾನುವಾರ ಸಂಜೆ ಹೇಳುತ್ತೇನೆ ಅಂದೆ. ಭಾನುವಾರ ಬೆಳಿಗ್ಗೆ ಹತ್ತಕ್ಕೆ ರೇಂಜಿನ ಗೇಟಿನಲ್ಲಿದ್ದೆ.

ವಿಜಯಕುಮಾರ್ ನಲವತ್ತೈದರ ಆಸುಪಾಸು. ಇಸ್ತ್ರಿ ಮಾಡಿದ ಟೀ ಶರ್ಟು, ಕೊರಳಲ್ಲಿ ಸೀಟಿ, ಸೊಂಟದಲ್ಲಿ ಪಿಸ್ತೂಲು. ನಾನು ಬಂದ ಕೆಲಸ ಹೇಳಿದೆ. ಬೆವರಲಿಲ್ಲ. ಟೀ ತರಿಸಿದ. ಸೇಫ್ಟಿ ರೂಲ್ಸಿನ ದೊಡ್ಡ ಬೋರ್ಡು ತೋರಿಸಿದ, ಒಂದೊಂದನ್ನೇ ಓದಿ ಹೇಳಿದ. ಫೋನು ಒಳಗೆ ಬಿಡುವುದಿಲ್ಲ ಅಂತ ನನ್ನ ಫೋನು ಇಸಿದುಕೊಂಡು ಡ್ರಾಯರಿನಲ್ಲಿಟ್ಟ. ಪಕ್ಕದ ಮೇಜಿನ ಮುಂದೆ ಒಬ್ಬಳು ಹುಡುಗಿ ದೂರದರ್ಶಕಕ್ಕೆ ಕಣ್ಣಿಟ್ಟು ಕೂತಿದ್ದಳು. ಕಲ್ಪನ. ಯಾರ ಗುಂಡು ಎಲ್ಲಿ ಬಿತ್ತು ಅಂತ ನೋಡಿ ಅಂಕ ಬರೆಯುವವಳು. ವೇಣು ಹೆಸರು ಎತ್ತಿದಾಗ ಅವಳ ಪೆನ್ನು ನಿಂತಿತು. ತಲೆ ಎತ್ತಲಿಲ್ಲ.

ಗಿರಾಕಿಗಳು ತಿಂಡಿಗೆ ಎದ್ದರು. ಗುಂಡಿ ನೋಡಬೇಕು ಅಂದೆ.

"ಸೆರಿ ಮೇಡಂ," ಅಂದ. "ನೀವೇ ಇಳಿದು ನೋಡಿ. ನಮ್ದೇನೂ ಮುಚ್ಚುಮರೆ ಇಲ್ಲ."

ಗುಂಡಿ ಅನ್ನುವುದು ಹೆಸರಿಗೆ ಮಾತ್ರ. ಬಂಡೆ ಸಿಕ್ಕಿತು ಅಂತ ಅಗೆದದ್ದು ಒಂದೇ ಗೇಣು. ಮೂರು ಕಡೆ ಕಲ್ಲಿನ ಗೋಡೆ. ಬಂದೂಕುಗಳ ಕಡೆಗೆ ಮರಳಿನ ಮೂಟೆಗಳನ್ನು ಪೇರಿಸಿ, ಒಳಗಿನಿಂದ ಹಲಗೆ ಬಡಿದಿದ್ದರು. ಆ ಮೂಟೆಗಳನ್ನು ನಂಬಿಕೊಂಡೇ ಮನುಷ್ಯ ಒಳಗೆ ಕೂರಬೇಕು. ಒಂದು ತುದಿಯಲ್ಲಿ ಕಬ್ಬಿಣದ ಬಾಗಿಲು. ಮೇಲೆ ಬಿಸಿಲು.

ಹಲಗೆಯ ಮೇಲೆ ಕೈಯಾಡಿಸಿದೆ. ತೂತು. ಮತ್ತೊಂದು ತೂತು. ನಾನು ಕುಕ್ಕರುಗಾಲಲ್ಲಿ ಕೂತು ನೋಡಿದೆ. ಒಂದು ಸರಿಯಾಗಿ ನನ್ನ ಭುಜದ ಮಟ್ಟಕ್ಕಿತ್ತು.

ಸಡಿಲವಾಗಿದ್ದ ಹಲಗೆಯೊಂದನ್ನು ಕಿತ್ತೆ.

ಹಿಂದೆ ಮೂಟೆಗಳಿರಲಿಲ್ಲ. ಮೂಟೆಗಳ ಚರ್ಮ ಇತ್ತು!

ದಿಣ್ಣೆಯ ಮರಳನ್ನೇ ತುಂಬಿದ್ದರು. ಗಣಿಯ ಗಿರಣಿಯಲ್ಲಿ ಅರೆದು ಎಸೆದ ಮರಳು, ರಾಗಿ ಹಿಟ್ಟಿನಷ್ಟು ನುಣ್ಣಗೆ. ಚೀಲಕ್ಕೆ ಗುಂಡು ಬಿದ್ದರೆ ಆ ತೂತಿನಿಂದಲೇ ಸುರಿದುಹೋಗುತ್ತದೆ. ಕಲಿತವನ ಗುಂಡು ಗುರಿಗೆ ಹೋಗುತ್ತದೆ. ಕಲಿಯದವನದು ಕೆಳಗೆ ಬಂದು ಮೂಟೆಗೆ ಬೀಳುತ್ತದೆ. ವಾರ ವಾರವೂ ಕಲಿಯದವರನ್ನೇ ಕರೆತಂದು ಗುಂಡು ಹೊಡೆಸಿದರೆ ಇನ್ನೇನಾಗುತ್ತದೆ?

ಗೋಡೆಯಲ್ಲಿ ಒಂದು ಸ್ವಿಚ್ಚಿತ್ತು. ಒಳಗಿದ್ದವನು ಅಪಾಯ ಅಂತ ಕಂಡರೆ ಒತ್ತಬೇಕು, ಆ ಕಡೆ ಗಂಟೆ ಹೊಡೆಯುತ್ತದೆ, ಫೈರಿಂಗ್ ನಿಲ್ಲುತ್ತದೆ. ಅದರ ವೈರು ಕತ್ತರಿಸಿದ್ದರು. ತುದಿಗೆ ನೀಟಾಗಿ ಟೇಪು ಸುತ್ತಿದ್ದರು.

"ಇದನ್ನು ಯಾರು ಕತ್ತರಿಸಿದ್ದು?" ಅಂತ ತಿರುಗಿದೆ.

ಬಾಗಿಲು ಮುಚ್ಚಿತು. ಹೊರಗಿನಿಂದ ಅಗುಳಿ ಬಿತ್ತು.

"ವೇಣು ಸುಮ್ಸುಮ್ನೆ ಗಂಟೆ ಒಡೀತಿದ್ದ ಮೇಡಂ," ವಿಜಯಕುಮಾರ್ ಆಚೆಯಿಂದ ಹೇಳಿದ. ದನಿ ಏರಿಸಲೂ ಇಲ್ಲ. "ಗಿರಾಕಿಗಳಿಗೆ ಬೇಜಾರಾಗ್ತಿತ್ತು. ಒಂದು ಗಂಟೆ ಒಳಗೆ ಕೂತ್ಕಳಿ. ಗುಂಡಿ ಸೇಫು ಅಂತ ನಾನು ಬರಕೊಟ್ಟಿದೀನಿ. ಸೇಫಾಗಿದ್ರೆ ನಿಮಗೇನೂ ಆಗಲ್ಲ. ಇಲ್ಲಾಂದ್ರೆ ನೀವು ಏಳೋ ಮಾತೇ ನಿಜ. ಆದ್ರೆ ಏಳಾಕೆ ನೀವಿರಲ್ಲ."

ಹೆಜ್ಜೆಗಳು ದೂರವಾದವು. ಸೀಟಿ ಊದಿದ ಸದ್ದು.

ಆಮೇಲೆ ಹತ್ತು ಬಂದೂಕು!

ಹೀಗೆ ಬಂದೆ ನಾನು ಆ ಗೇಣು ಆಳದ ಹಳ್ಳಕ್ಕೆ.

ಎಷ್ಟು ಹೊತ್ತು ಕವುಚಿ ಮಲಗಿದ್ದೆನೋ. ಹತ್ತು ನಿಮಿಷ? ಇಪ್ಪತ್ತು? ತಲೆ ಪಕ್ಕಕ್ಕೆ ತಿರುಗಿಸಿದರೆ ಕಿವಿ ಮೇಲೆ ಬರುತ್ತದೆ. ನೇರ ಇಟ್ಟರೆ ಮರಳು ಮೂಗಿಗೆ ಹೋಗುತ್ತದೆ. ಬೆನ್ನಿನ ಮೇಲೆ ಬಿಸಿಲು ಹಂಚಿನ ಹಾಗೆ. ಆರನೇ ಲೇನಿನವನು, ಅಂದರೆ ಸಾಲಿನ ಆರನೇ ಬಂದೂಕಿನವನು, ಎಲ್ಲವನ್ನೂ ಕೆಳಗೇ ಹೊಡೆಯುತ್ತಿದ್ದ. ಅವನ ಒಂದೊಂದು ಗುಂಡಿಗೂ ಹಲಗೆಯ ಸಂದಿನಿಂದ ಮರಳು ಸುರ್ ಅಂತ ಇಳಿಯುತ್ತಿತ್ತು. ಇಳಿದಷ್ಟೂ ಗೋಡೆ ತೆಳ್ಳಗೆ.

ಬಾಗಿಲವರೆಗೆ ತೆವಳಿದೆ. ಒದ್ದೆ. ಕಬ್ಬಿಣ ಅಲ್ಲಾಡಲಿಲ್ಲ. ಹತ್ತನೇ ಲೇನಿನವನು ನೋಡಿಕೊಂಡೇ ಹೊಡೆದ ಹಾಗೆ ಒಂದು ಗುಂಡು ಬಂತು. ಎಡ ಮೊಣಕೈ ಮೇಲೆ ಬೆಂಕಿಕಡ್ಡಿ ಗೀರಿದಂತಾಯಿತು. ಚರ್ಮ ಹರಿದು ಹೋಗಿತ್ತು. ಒಳಗೆ ಹೋಗಿರಲಿಲ್ಲ. ಸೆರಗಿನಿಂದ ಬಿಗಿದೆ.

ಗೋಡೆ ಹತ್ತಿ ಆಚೆ ಹಾರಲೇ? ಹತ್ತು ಬಂದೂಕುಗಳ ಎದುರು ಎದೆಯೊಡ್ಡಿ ನಿಂತ ಹಾಗೆ. ಸುಮ್ಮನೆ ಮಲಗಿರಲೇ? ಒಂದು ಗಂಟೆಯ ಮೇಲೆ ಜನ ಬಸ್ಸು ಹತ್ತುತ್ತಾರೆ. ಆಮೇಲೆ ಆ ಬಾಗಿಲು ತೆಗೆಯುವವನು ವಿಜಯಕುಮಾರ್ ಒಬ್ಬನೇ. ಸೊಂಟದಲ್ಲಿ ಪಿಸ್ತೂಲು.

ಬಾಗಿಲಲ್ಲೂ ಸಾವು, ಗೋಡೆಯಲ್ಲೂ ಸಾವು... ವೇಣು ಇದೇ ಜಾಗದಲ್ಲಿ ಏಳು ತಿಂಗಳು ಕೂತಿದ್ದ. ದಿನಾ ಬಂದು, ದಿನಾ ಟಿಫನ್ ಬಾಕ್ಸ್ ಬಿಚ್ಚಿ ಊಟ ಮಾಡಿ. ನನಗೆ ಅರ್ಧ ಗಂಟೆಗೆ ಉಸಿರು ಕಟ್ಟುತ್ತಿತ್ತು.

ಮೂಲೆಯಲ್ಲಿ ಹೊಸ ಹಾಳೆಗಳ ಕಟ್ಟಿತ್ತು. ಪಕ್ಕದ ಡಬ್ಬಿಯಲ್ಲಿ ತೂತು ಮುಚ್ಚುವ ಕರಿ ಕಾಗದದ ಬಿಲ್ಲೆಗಳು. ಹಿಂದೆ ಅಂಟು.

ತೆವಳಿದೆ. ಒಂದು ಹಾಳೆ ಎಳೆದು ಹಿಂದು ಮುಂದು ಮಾಡಿದೆ. ಬಿಳೀ ಕಡೆಗೆ ಬಿಲ್ಲೆ ಅಂಟಿಸತೊಡಗಿದೆ, ರಂಗೋಲಿಗೆ ಚುಕ್ಕಿ ಇಟ್ಟ ಹಾಗೆ. ಬೆಂಗಳೂರಿನ ಜನ, ಯಾರಿಗೆ ಕನ್ನಡ ಬರುತ್ತದೋ ಇಲ್ಲವೋ ಅಂತ ಇಂಗ್ಲಿಷಿನಲ್ಲೇ ನಾಲ್ಕು ಅಕ್ಷರ. ಸ್ಟಾಪ್.

ಈಗ ಕಷ್ಟದ ಕೆಲಸ. ಹಗ್ಗ ಎಳೆಯಲು ಮಂಡಿ ಊರಿ ಏಳಬೇಕು. ಏಳು ಅಂದರೆ ಮೈ ಕೇಳಲಿಲ್ಲ. ವೇಣುವಿಗೆ ಬಿದ್ದ ಮಟ್ಟ ಅದೇ ತಾನೆ! ಹಲ್ಲು ಕಚ್ಚಿ ಎದ್ದೆ. ಮೂರನೇ ಲೇನಿನ ಚೌಕಟ್ಟು ಇಳಿಸಿ, ಹಾಳೆ ಸಿಕ್ಕಿಸಿ, ಏರಿಸಿದೆ. ಬಿದ್ದೆ.

ಸದ್ದು ನಿಂತಿತು.

ಒಂದು... ಎರಡು... ಮೂರು ಸೆಕೆಂಡು.

ಆಮೇಲೆ ನಗು ಕೇಳಿಸಿತು. ಯಾರೋ ಚಪ್ಪಾಳೆ ತಟ್ಟಿದರು. ಹತ್ತೂ ಬಂದೂಕು ಆ ಒಂದೇ ಹಾಳೆಗೆ ತಿರುಗಿದವು. ಚೂರುಗಳು ನನ್ನ ತಲೆಯ ಮೇಲೆ ಉದುರಿದವು. ಇಂಗ್ಲಿಷಿನ ಓ ಅಕ್ಷರದ ನಡುವೆ ಆರು ತೂತು. ಚೌಕಟ್ಟು ಮೋಟಾರಿನಿಂದ ಏರಿಳಿಯುತ್ತದೆ ಅಂದುಕೊಂಡಿದ್ದವರಿಗೆ ಅದು ಹೊಸ ಆಟ! ಓ ಅಕ್ಷರದೊಳಗೆ ಹೊಡೆದವರಿಗೆ ಬಹುಮಾನ ಅಂತ, ಆ ಬಿಡುವಿನಲ್ಲಿ ಕಿವಿಮುಚ್ಚಳ ಸರಿಸಿದವರಿಗೆ ವಿಜಯಕುಮಾರ್ ಅಲ್ಲಿಂದಲೇ ಕೂಗಿ ಹೇಳಿದ್ದನಂತೆ. ಬುದ್ಧಿವಂತ.

ನಾನು ಅಳಲಿಲ್ಲ ಅಂದರೆ ಸುಳ್ಳಾಗುತ್ತದೆ.

ಅತ್ತು ಮುಗಿದ ಮೇಲೆ ಯೋಚಿಸಿದೆ. ಎಲ್ಲರಿಗೂ ಹೇಳಿದರೆ ಯಾರಿಗೂ ಹೇಳಿದಂತಲ್ಲ. ಒಬ್ಬರಿಗೇ ಹೇಳಬೇಕು. ಹೆಸರು ಹಿಡಿದು. ಅಲ್ಲಿ ಒಬ್ಬಳ ಕಣ್ಣು ಮಾತ್ರ ದೂರದರ್ಶಕದಲ್ಲಿದೆ. ಅವಳು ವೇಣು ಹೆಸರಿಗೆ ಪೆನ್ನು ನಿಲ್ಲಿಸಿದವಳು.

ಎರಡನೇ ಹಾಳೆ. ಈ ಸಲ ಕನ್ನಡ.

ಕಲ್ಪನ, ಒಳಗೆ ನಾನು.

ಮತ್ತೆ ಮಂಡಿ ಊರಿದೆ. ಏರಿಸಿದೆ. ಬಿದ್ದೆ. ಕಣ್ಣು ಮುಚ್ಚಿದೆ.

ಒಂದು ಗುಂಡು. ಇನ್ನೊಂದು. ಮತ್ತೊಂದು... ಏನೂ ಬದಲಾಗಲಿಲ್ಲ.

ಮುಗಿಯಿತು ಅಂದುಕೊಂಡೆ.

ಆಗ ಹೆಣ್ಣಿನ ದನಿ. ಮೈಕಿಲ್ಲ, ಸೀಟಿಯಿಲ್ಲ. ದನಿ ಅಲ್ಲಿಂದ ಇಲ್ಲಿಗೆ ಹತ್ತಿರವಾಗುತ್ತಿತ್ತು. "ನಿಲ್ಸಿ! ಒಳಗೆ ಜನ ಐತೆ! ನಿಲ್ಸಿ!"

ಆಮೇಲೆ ನನಗೆ ತಿಳಿದದ್ದು ಇದು. ಮೊದಲ ಹಾಳೆ ಏರಿದಾಗಲೇ ಕಲ್ಪನಳಿಗೆ ಅನುಮಾನ ಬಂದಿತ್ತು. ಮೇಡಂ ಹಿಂದಿನ ಗೇಟಿನಿಂದ ಹೋದರು ಅಂತ ವಿಜಯಕುಮಾರ್ ಹೇಳಿದ್ದ. ಎರಡನೆಯದರಲ್ಲಿ ತನ್ನ ಹೆಸರು ಓದಿದಳು. ನಿಲ್ಲಿಸಿ ಸಾರ್ ಅಂದಳು. ಅವನು ಅವಳ ಕುರ್ಚಿಯ ಹಿಂದೆ ಬಂದು ನಿಂತ. ಭುಜದ ಮೇಲೆ ಕೈಯಿಟ್ಟು, ಫೈರಿಂಗ್ ನಿಲ್ಲಿಸುವ ಅಧಿಕಾರ ಇಲ್ಲಿ ನನಗೊಬ್ಬನಿಗೇ ಇರೋದು, ಅಂಕ ಬರಿ ಅಂದ.

ಅವಳು ಎದ್ದಳು. ಕೂಗಿದಳು. ಕಿವಿಮುಚ್ಚಳದ ಜನಕ್ಕೆ ಕೇಳಲಿಲ್ಲ.

ಆಗ ಅವಳು ಮೇಜು ದಾಟಿ, ಬಂದೂಕುಗಳ ಸಾಲು ದಾಟಿ, ಗುಂಡು ಹಾರುತ್ತಿದ್ದ ಬಯಲಿಗೆ ಇಳಿದು ನಡೆದಳು! ಎರಡೂ ಕೈ ಮೇಲೆತ್ತಿಕೊಂಡು. ಐದನೇ ಲೇನಿನ ಹೆಂಗಸು ಚೀರಿ ಬಂದೂಕು ಕೆಳಗಿಟ್ಟಳಂತೆ. ಅವಳನ್ನು ನೋಡಿ ಪಕ್ಕದವನು, ಅವನನ್ನು ನೋಡಿ ಉಳಿದವರು.

ಅಗುಳಿ ತೆಗೆದ ಸದ್ದು. ಬೆಳಕು.

"ಅಕ್ಕಾ, ಇದೀರಾ?"

"ಇದೀನಿ ಕಣೆ."

ಕೈ ಹಿಡಿದು ನನ್ನನ್ನು ಎಬ್ಬಿಸಿದಳು. ವೇಣು ಮೂರು ಸಲ ಬಂದು ಹೇಳಿದಾಗಲೂ ತಾನು ಅಲ್ಲೇ ಕೂತಿದ್ದೆ, ಪೊಲೀಸರು ಕೇಳಿದಾಗ ಬಾಯಿ ಬಿಡಲಿಲ್ಲ ಅಂತ ಒಂದೇ ಉಸಿರಿಗೆ ಹೇಳಿದಳು. ನಾನು ಒಂದು ಪ್ರಶ್ನೆಯನ್ನೂ ಹಾಕಿರಲಿಲ್ಲ.

ಅವಳ ಹಿಂದೆಯೇ ವಿಜಯಕುಮಾರ್ ಓಡಿ ಬಂದ. ಅವನ ಹಿಂದೆ ಇಪ್ಪತ್ತು ಜನ, ಕಿವಿಮುಚ್ಚಳ ಕೊರಳಿಗೆ ಇಳಿಸಿಕೊಂಡು. ಅವನ ಕೈ ಸೊಂಟದತ್ತ ಹೋಯಿತು. ಹಿಂದೆ ತಿರುಗಿ ನೋಡಿದ. ಜನ. ಕೈ ಮತ್ತೆ ಕೆಳಗಿಳಿಯಿತು.

"ಇವ್ರು ಕುಡಿದು ಒಳಗೋಗಿ..." ಅಂತ ಶುರು ಮಾಡಿದ.

ಅದೇ ಮಾತು! ಮೂರು ವಾರದಲ್ಲಿ ಹೊಸದೊಂದು ಸುಳ್ಳನ್ನೂ ಹುಟ್ಟಿಸಿರಲಿಲ್ಲ.

ನಾನು ಆರನೇ ಲೇನಿನವನನ್ನು ಹತ್ತಿರ ಕರೆದೆ. ಇನ್ನೂ ಮೀಸೆ ಸರಿಯಾಗಿ ಬಾರದ ಇಂಜಿನಿಯರು. ನನ್ನ ಬಾಯಿ ಮೂಸಿ ನೋಡು ಅಂದೆ. ನೋಡಿದ. ಹಲಗೆ ನೋಡು ಅಂದೆ. ತನ್ನ ಗುಂಡುಗಳ ತೂತನ್ನು ಅವನೇ ಬೆರಳಿಟ್ಟು ಎಣಿಸಿದ. ಏಳಕ್ಕೆ ಬಂದಾಗ ಪಕ್ಕಕ್ಕೆ ಹೋಗಿ ವಾಂತಿ ಮಾಡಿಕೊಂಡ. ಆಮೇಲೆ ಆಫೀಸಿಗೆ ಹೋಗಿ ಪೊಲೀಸರಿಗೆ ಫೋನು ಮಾಡಿದವನೂ ಅವನೇ.

ಸಂಜೆ ತೋಳಿಗೆ ಪಟ್ಟಿ ಹಾಕಿಸಿಕೊಂಡು ಕಾಮಸಮುದ್ರದ ಬಸ್ಸು ಹತ್ತಿದೆ. ಸಹಿ ಬೇಡ ಅಂತ ಮುನಿಲಕ್ಷ್ಮಿಗೆ ಹೇಳಿದೆ. ಅವಳು ಹಾಳೆಯನ್ನು ಒಲೆಗೆ ಹಾಕಲು ಹೋದಳು. ಸಾಕ್ಷಿ, ಕೊಡು ಅಂತ ಇಸಿದುಕೊಂಡೆ.

ವೇಣು ಮೇಲಿನ ಕೇಸು ಬಿದ್ದುಹೋಯಿತು. ಬಲಗೈ ಇನ್ನೂ ಏಳುವುದಿಲ್ಲ. ಎಡಗೈಯಲ್ಲಿ ಹಸುವಿಗೆ ಹುಲ್ಲು ಹಾಕುವುದನ್ನು ಕಲಿಯುತ್ತಿದ್ದಾನೆ. ವಿಜಯಕುಮಾರ್ ಎರಡು ತಿಂಗಳು ಒಳಗಿದ್ದು ಜಾಮೀನಿನ ಮೇಲೆ ಬಂದಿದ್ದಾನೆ. ಅವನು ಈಗಲೂ ಬಿಳಿದಿಣ್ಣೆಯ ನೌಕರನೇ. ದೀರ್ಘ ರಜೆಯ ಮೇಲಿದ್ದಾರೆ ಅಂತ ಆಫೀಸಿನವರು ಹೇಳುತ್ತಾರೆ.

ಮೊನ್ನೆ ಕಲ್ಪನ ನನ್ನ ಮಹಡಿ ಹತ್ತಿ ಬಂದು ಒಂದು ರಿಜಿಸ್ಟರ್ಡ್ ಪತ್ರ ಮೇಜಿನ ಮೇಲಿಟ್ಟಳು. ಫೈರಿಂಗ್ ನಡೆಯುತ್ತಿರುವಾಗ ಗೆರೆ ದಾಟಿ ಮುಂದಕ್ಕೆ ಹೋದದ್ದಕ್ಕಾಗಿ ಅವಳನ್ನು ಕೆಲಸದಿಂದ ತೆಗೆದಿದ್ದರು.

ಸುರಕ್ಷತಾ ನಿಯಮ ಮುರಿದರೆಂದು ಆ ರೇಂಜು ಈವರೆಗೆ ಮನೆಗೆ ಕಳಿಸಿದ್ದು ಅವಳೊಬ್ಬಳನ್ನೇ.